ಕಾಡಿನಲ್ಲಿ ಎಲ್ಲರೂ ಕೂತೇ ನೋಡುವುದು: ಕಬಿನಿಯಲ್ಲಿ ಒಂದು ಕ್ಯಾಲಿಪರ್, ಒಂದು ಕ್ಯಾಮೆರಾ

ನನ್ನ ಸೋದರಮಾವ ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ವಯಸ್ಸು ಅರವತ್ತು ದಾಟಿದೆ. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೊ ಬಂದು ಬಲಗಾಲು ಸೋತಿತು. ಅಂದಿನಿಂದ ತೊಡೆಯಿಂದ ಪಾದದವರೆಗೆ ಕ್ಯಾಲಿಪರ್, ಅಂದರೆ ಸೋತ ಕಾಲಿಗೆ ಆಸರೆಯಾಗಿ ಕಟ್ಟುವ ಚೌಕಟ್ಟು. ಎಡಗೈಯಲ್ಲಿ ಊರುಗೋಲು. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ಭಾರತ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿದ್ದು 2014ರಲ್ಲಿ. ಮಾವನದು ಅದಕ್ಕೆಲ್ಲ ಬಹಳ ಮುಂಚಿನ ತಲೆಮಾರು.

ಕಾಲಿನ ತೊಂದರೆ ಅವರಿಗೆ ಹಳೆಯದು. ಅದರ ಜೊತೆ ಬದುಕೋದು ಅವರಿಗೆ ಗೊತ್ತು. ಈಚೆಗೆ ಬಂದದ್ದು ಭುಜದ ತೊಂದರೆ. ಪೋಲಿಯೊ ಬಂದು ಹೋದ ಎಷ್ಟೋ ದಶಕದ ನಂತರ ಕೆಲವರಿಗೆ ಮತ್ತೆ ಸ್ನಾಯುಗಳು ಸೋಲತೊಡಗುತ್ತವೆ, ಬೇಗ ಸುಸ್ತಾಗುತ್ತದೆ. ಡಾಕ್ಟರುಗಳು ಇದನ್ನು ಪೋಸ್ಟ್ ಪೋಲಿಯೊ ಸಿಂಡ್ರೋಮ್ ಅನ್ನುತ್ತಾರೆ. ಇದರ ಮೇಲೆ ಜೀವಮಾನವಿಡೀ ಮೈಭಾರ ಹೊತ್ತ ಎಡಭುಜ ಸವೆದಿದೆ. ಕ್ಯಾಮೆರಾ ಹಿಡಿಯುವವರಿಗೆ ಗೊತ್ತಿರುತ್ತೆ, ಲೆನ್ಸಿನ ಭಾರ ತಾಳುವುದು ಎಡಗೈಯೇ. ಅಂದರೆ ನಡೆಯೋಕೂ ಅದೇ ಭುಜ, ಫೋಟೋ ತೆಗೆಯೋಕೂ ಅದೇ ಭುಜ.

ಮಾವನ ಆಸೆ ಸಣ್ಣದಾಗಿತ್ತು, ಆದರೆ ಸ್ಪಷ್ಟವಾಗಿತ್ತು. "ಹುಲಿ ಸಿಕ್ಕಿದರೆ ಸರಿ, ಸಿಗದಿದ್ದರೂ ಸರಿ ಕಣೇ. ನನಗೆ ಆನೆ ಬೇಕು. ಮೇಲಿಂದ ನೋಡಿದ ಹಾಗಲ್ಲ. ಅದರ ಕಣ್ಣಿನ ಮಟ್ಟದಲ್ಲಿ ಬೇಕು." ಈ ಒಂದು ಮಾತು ಮುಂದಿನ ಎಷ್ಟೋ ತೀರ್ಮಾನಗಳನ್ನು ಸುಲಭ ಮಾಡಿತು. ಯಾವ ಸೀಟು, ಯಾವ ತಿಂಗಳು, ಯಾವ ಲೆನ್ಸ್, ಜೀಪೋ ದೋಣಿಯೋ, ಎಲ್ಲ ಆ ಮಾತಿನಿಂದಲೇ ಹೊರಟವು.

ಆನೆ ಅಂದಮೇಲೆ ಕಬಿನಿ. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಕಬಿನಿ ನದಿಗೆ ಅಣೆಕಟ್ಟು ಬಂದದ್ದು 1974ರಲ್ಲಿ. ಅದರ ಹಿನ್ನೀರಿನ ಒಂದು ದಡ ನಾಗರಹೊಳೆ, ಇನ್ನೊಂದು ದಡ ಬಂಡೀಪುರ. ನಾಗರಹೊಳೆ 643 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನ. ಮೈಸೂರು ಮಹಾರಾಜರ ಕಾಲದಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಯುತ್ತಿದ್ದ ಕಾಕನಕೋಟೆ ಇದೇ ಸೀಮೆಯದು. ಬೇಸಿಗೆಯಲ್ಲಿ ಕಾಡೊಳಗಿನ ಕೆರೆಗಳು ಒಣಗುತ್ತವೆ. ಅದೇ ಹೊತ್ತಿಗೆ ಹಿನ್ನೀರು ಇಳಿದು, ಬಯಲಾದ ದಡದಲ್ಲಿ ಹಸಿರು ಹುಲ್ಲು ಚಿಗುರುತ್ತೆ. ಎರಡೂ ಕಡೆಯ ಆನೆಗಳು ನೀರಿಗೂ ಹುಲ್ಲಿಗೂ ಇಲ್ಲಿಗೆ ಬರುತ್ತವೆ. ಇಷ್ಟು ಆನೆಗಳು ಒಂದೇ ಕಡೆ ಬಯಲಲ್ಲಿ ಸೇರುವ ಜಾಗ ಏಷ್ಯಾದಲ್ಲೇ ಅಪರೂಪ. ಮೈಸೂರಿನಿಂದ ಕಾರಿನಲ್ಲಿ ಎರಡು ಗಂಟೆ ಸಾಕು.

ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯೋದಕ್ಕೆ ಒಂದು ಕಾರಣವಿದೆ. ಕಾಲು ಸರಿಯಿಲ್ಲದವರು ಕಾಡಿನ ಫೋಟೋಗ್ರಫಿ ನಮಗಲ್ಲ ಎಂದು ದೂರ ಉಳಿಯುತ್ತಾರೆ. ಆದರೆ ನಮ್ಮ ರಾಷ್ಟ್ರೀಯ ಉದ್ಯಾನಗಳ ನಿಯಮ ನೋಡಿ. ಸಫಾರಿಯಲ್ಲಿ ಯಾರೂ ಗಾಡಿಯಿಂದ ಇಳಿಯುವ ಹಾಗಿಲ್ಲ. ಓಡುವ ಕಾಲಿದ್ದವರೂ ಕೂತೇ ಇರಬೇಕು, ಮಾವನೂ ಕೂತೇ ಇರಬೇಕು. ಗೇಟು ದಾಟಿದ ಮೇಲೆ ಎಲ್ಲರೂ ಸಮ. ಕಷ್ಟ ಇರೋದು ಗೇಟಿನ ಈಚೆ. ನೆಲದಿಂದ ಸೀಟಿನವರೆಗಿನ ಆ ಎರಡು ಎರಡೂವರೆ ಅಡಿಯಲ್ಲಿ. ಅಷ್ಟನ್ನು ಬಗೆಹರಿಸಿದರೆ ಉಳಿದದ್ದು ಎಲ್ಲರಿಗೂ ಇರುವ ಕಷ್ಟವೇ. ಇದು ನನ್ನ ಗಟ್ಟಿ ಅಭಿಪ್ರಾಯ.

ಬೇರೆ ದೇಶಗಳಲ್ಲಿ ಲೆಕ್ಕ ಬೇರೆ. ದಕ್ಷಿಣ ಆಫ್ರಿಕಾದ ಕ್ರೂಗರ್‌ನಲ್ಲಿ ಡಾಂಬರು ರಸ್ತೆಯಲ್ಲಿ ಸ್ವಂತ ಕಾರು ಓಡಿಸಿಕೊಂಡು ಹೋಗಬಹುದು, ಕಾರಿನ ಕಿಟಕಿಯೇ ಕ್ಯಾಮೆರಾಗೆ ಆಸರೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮವರಲ್ಲಿ ಅಲ್ಲಿನ ಪೌರತ್ವ ಅಥವಾ ಕಾಯಂ ನಿವಾಸ ಇದ್ದು, ಶಾಶ್ವತ ಅಂಗವೈಕಲ್ಯ ಇರುವವರಿಗೆ ರಾಷ್ಟ್ರೀಯ ಉದ್ಯಾನಗಳಿಗೆ ಪುಕ್ಕಟೆ ಪ್ರವೇಶ ಕೊಡುವ ಆಕ್ಸೆಸ್ ಪಾಸ್ ಸಿಗುತ್ತೆ. ಯೆಲ್ಲೊಸ್ಟೋನ್‌ನಂಥ ಕಡೆ ರಸ್ತೆ ಪಕ್ಕದಲ್ಲೇ ಕಾರು ನಿಲ್ಲಿಸಿ ಫೋಟೋ ತೆಗೆಯೋಕೆ ಜಾಗ ಮಾಡಿದ್ದಾರೆ. ನಮ್ಮಲ್ಲಿ ಸ್ವಂತ ಗಾಡಿ ಒಳಗೆ ಬಿಡುವುದಿಲ್ಲ. ಬಂಡೀಪುರದ ಹೆದ್ದಾರಿಯಲ್ಲಿ ಹಾದುಹೋಗಬಹುದು, ನಿಲ್ಲಿಸಿ ಫೋಟೋ ತೆಗೆಯುವ ಹಾಗಿಲ್ಲ. ಆ ನಿಯಮ ಇರಬೇಕಾದದ್ದೇ. ಹಾಗಾಗಿ ನಮಗೆ ಇರುವ ದಾರಿ ಸಫಾರಿ ಗಾಡಿ, ಇಲ್ಲವೇ ದೋಣಿ.

ಮೊದಲ ಕೆಲಸ ಫೋನು. ಇಲ್ಲೇ ಜಾಸ್ತಿ ಹೊತ್ತು ಹೋಯಿತು, ಹೋಗಿದ್ದು ಒಳ್ಳೆಯದೇ ಆಯಿತು. ಒಂದು ವಸತಿಯವರು "ನಮ್ಮಲ್ಲಿ ವೀಲ್‌ಚೇರ್‌ಗೆ ಎಲ್ಲ ವ್ಯವಸ್ಥೆ ಇದೆ ಮೇಡಂ" ಎಂದರು. ರೂಮಿನ ಬಾಗಿಲ ಫೋಟೋ ಕಳಿಸಿ ಎಂದು ಕೇಳಿದೆ. ಜಗಲಿಗೆ ನಾಲ್ಕು ಮೆಟ್ಟಿಲು, ಹಿಡಿಯೋಕೆ ಕಂಬಿ ಇಲ್ಲ. ಅವರು ಸುಳ್ಳು ಹೇಳಿರಲಿಲ್ಲ. ಸ್ವಾಗತ ಕೌಂಟರಿಗೆ ಇಳಿಜಾರು ಕಟ್ಟಿಸಿದ್ದರು, ಅವರ ಮಟ್ಟಿಗೆ ವ್ಯವಸ್ಥೆ ಅಂದರೆ ಅದು. ಅಂದಿನಿಂದ ನಮ್ಮ ಪ್ರಶ್ನೆಗಳನ್ನು ಬದಲಿಸಿದೆವು. ವ್ಯವಸ್ಥೆ ಇದೆಯಾ ಎಂದು ಕೇಳುವುದನ್ನೇ ಬಿಟ್ಟೆವು. ನೆಲದಿಂದ ಜೀಪಿನ ಕಾಲಿಡುವ ಪಟ್ಟಿಗೆ ಎಷ್ಟು ಇಂಚು? ಆ ಪಟ್ಟಿಯಿಂದ ಒಳಗಿನ ನೆಲಕ್ಕೆ ಎಷ್ಟು? ಹಿಡಿಯುವ ಕಂಬಿ ಎಡಕ್ಕಿದೆಯಾ, ಬಲಕ್ಕಿದೆಯಾ? ಜೀಪು ಹತ್ತುವ ಜಾಗದಲ್ಲಿ ಕಮೋಡ್ ಇದೆಯಾ? ಕಾರು ನಿಲ್ಲುವಲ್ಲಿಂದ ದೋಣಿಗೆ ಎಷ್ಟು ದೂರ, ದಾರಿ ಇಳಿಜಾರಾ? ಪಕ್ಕದಿಂದ ಒಂದು ಫೋಟೋ ಕಳಿಸ್ತೀರಾ? ಇಂಚು ಕೇಳಿದಾಗ ಜನ ಅಳತೆ ಮಾಡುತ್ತಾರೆ. ಅಳತೆ ಮಾಡುವಾಗ ಅವರಿಗೇ ಕಷ್ಟ ಕಣ್ಣಿಗೆ ಬೀಳುತ್ತದೆ. ಕೊನೆಗೆ ಒಂದು ಕಡೆಯ ಮ್ಯಾನೇಜರು ಟೇಪು ಹಿಡಿದು ಅಳೆದು, ವಿಡಿಯೋ ಮಾಡಿ ಕಳಿಸಿದರು. ಅಲ್ಲಿಗೇ ಬುಕ್ ಮಾಡಿದೆವು.

ಅಳತೆ ಹೀಗಿತ್ತು: ನೆಲದಿಂದ ಪಟ್ಟಿಗೆ 18 ಇಂಚು, ಪಟ್ಟಿಯಿಂದ ಒಳನೆಲಕ್ಕೆ 9 ಇಂಚು. ಮಾವ ಕಂಬಿ ಹಿಡಿದು 9 ಇಂಚು ಹತ್ತಬಲ್ಲರು. 18 ಆಗಲ್ಲ. ಹಾಗಾಗಿ ನಡುವೆ ಒಂದು 9 ಇಂಚಿನ ಮಣೆ ಬೇಕು, ಅಷ್ಟೇ. ನಮ್ಮ ಬೀದಿಯ ಬಡಗಿ ಅದನ್ನು ಒಂದು ಮಧ್ಯಾಹ್ನದಲ್ಲಿ ಮಾಡಿಕೊಟ್ಟರು.

ಹತ್ತೋದನ್ನು ಮನೆ ಮುಂದೆಯೇ ಅಭ್ಯಾಸ ಮಾಡಿದರು. ಪಕ್ಕದ ಮನೆಯವರ ಪಿಕಪ್ ಗಾಡಿ ಇತ್ತು. ಫಿಸಿಯೋಥೆರಪಿಯಲ್ಲಿ ಹೇಳಿಕೊಡುವ ಮಾತು ಒಂದಿದೆ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಮಾವನಿಗೆ ಇದು ಮೈಗೆ ಹತ್ತಿದ ಪಾಠ. ಹೊಸದು ಅಂದರೆ ಕೈ ಎಲ್ಲಿಡೋದು ಅನ್ನೋದು. ಬಲಗೈ ಕಂಬಿಗೆ. ಎಡಗೈ ಪಕ್ಕದಲ್ಲಿ ನಿಂತವರ ಭುಜಕ್ಕೆ. ಊರುಗೋಲು ಮೊದಲೇ ಒಳಗೆ. ಕ್ಯಾಲಿಪರ್‌ನ ಮಂಡಿ ಲಾಕು ಹಾಕಿಯೇ ಹತ್ತಬೇಕು, ಕೂತಮೇಲೆ ಬಿಚ್ಚಿ ಮಂಡಿ ಮಡಿಸಬೇಕು. ಲಾಕು ಬಿಚ್ಚಿ ಮಡಿಸುವವರೆಗೆ ಕಾಲು ನೇರ ಚಾಚಿರುತ್ತೆ. ಅದಕ್ಕೆ ಮುಂದೆ ಜಾಗ ಬೇಕು. ಸೀಟು ಆರಿಸುವಾಗ ಇದೂ ಲೆಕ್ಕಕ್ಕೆ ಬಂತು.

ಇನ್ನು ಕ್ಯಾಮೆರಾ. ಕಾಡಿನ ಫೋಟೋ ಅಂದರೆ ದೊಡ್ಡ ಲೆನ್ಸ್ ಬೇಕು ಎಂದು ಎಲ್ಲರೂ ಹೇಳುತ್ತಾರೆ. ನಿಕಾನ್ 200-500 ಎಂಎಂ ಲೆನ್ಸ್ ಒಂದೇ 2 ಕೆಜಿ 300 ಗ್ರಾಂ ತೂಗುತ್ತೆ. ಸಿಗ್ಮಾ 150-600ರಲ್ಲಿ ಹಗುರದ್ದು ಅನ್ನುವುದೇ 2 ಕೆಜಿ ಹತ್ತಿರ. ಇದರ ಮೇಲೆ ಬಾಡಿಯ, ಅಂದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾದ ತೂಕ. ಮಾವನ ಭುಜಕ್ಕೆ ಇದು ಸಾಧ್ಯವೇ ಇಲ್ಲ. ಆರಿಸಿಕೊಂಡದ್ದು ಕ್ಯಾನನ್ ಆರ್7 ಬಾಡಿ, ಅದಕ್ಕೆ ಆರ್‌ಎಫ್ 100-400 ಲೆನ್ಸ್. ಬಾಡಿ 612 ಗ್ರಾಂ, ಲೆನ್ಸ್ 635 ಗ್ರಾಂ. ಎರಡೂ ಸೇರಿ ಒಂದೂಕಾಲು ಕೆಜಿ. ಆರ್7ರ ಸೆನ್ಸರ್ ಚಿಕ್ಕದು. ಹಾಗಾಗಿ 400 ಎಂಎಂ ಲೆನ್ಸಿನಲ್ಲಿ ಕಾಣುವ ನೋಟ ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾದ 640 ಎಂಎಂಗೆ ಸಮ. ಆನೆಗೆ ಇದು ಸಾಕು, ಹಕ್ಕಿಗೂ ಬಹಳ ಸಲ ಸಾಕು.

ಇದಕ್ಕೆ ಬೆಲೆ ತೆರಬೇಕು, ಅದನ್ನೂ ಹೇಳಬೇಕಲ್ವಾ? 400ರಲ್ಲಿ ಈ ಲೆನ್ಸ್ ಎಫ್/8ಕ್ಕಿಂತ ಜಾಸ್ತಿ ತೆರೆಯಲ್ಲ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ). ಬೆಳಿಗ್ಗೆ ಆರೂವರೆಯಲ್ಲಿ, ಮರದ ನೆರಳಲ್ಲಿ ಐಎಸ್‌ಒ, ಅಂದರೆ ಕಡಿಮೆ ಬೆಳಕಿಗೆ ಏರಿಸುವ ಅಳತೆ, 6400 ದಾಟುತ್ತೆ. ಫೋಟೋದಲ್ಲಿ ಕಾಳು ಕಾಳು ಬರುತ್ತೆ. ಈಗ ಕಂಪ್ಯೂಟರಿನಲ್ಲಿ ಆ ಕಾಳು, ಅಂದರೆ ನಾಯ್ಸ್, ತೆಗೆಯುವ ಸಾಫ್ಟ್‌ವೇರುಗಳು ಚೆನ್ನಾಗಿವೆ. ಆದರೂ ಎಫ್/4 ಲೆನ್ಸಿನ ಫೋಟೋಗೂ ಇದಕ್ಕೂ ವ್ಯತ್ಯಾಸ ಕಾಣುತ್ತೆ. ಮಾವ ಇದನ್ನು ಲೆಕ್ಕ ಹಾಕಿಯೇ ಒಪ್ಪಿಕೊಂಡರು. ಎತ್ತಲಾಗದ ಲೆನ್ಸಿನಿಂದ ಒಂದು ಫೋಟೋನೂ ಬರಲ್ಲ.

ಈ ಕ್ಯಾಮೆರಾದ ಇನ್ನೊಂದು ಗುಣ ಅವರಿಗೆ ತುಂಬಾ ಹಿಡಿಸಿತು. ಹಿಂದಿನ ಪರದೆ ಹೊರಕ್ಕೆ ತೆರೆದು ಮೇಲಕ್ಕೆ ತಿರುಗುತ್ತದೆ. ಕ್ಯಾಮೆರಾವನ್ನು ಕಣ್ಣಿಗೆ ಎತ್ತದೆ, ತೊಡೆಯ ಮೇಲಿಟ್ಟ ದಿಂಬಿನ ಮೇಲೆ ಇಟ್ಟು, ಕೆಳಗೆ ನೋಡಿಕೊಂಡೇ ತೆಗೆಯಬಹುದು. ಭುಜಕ್ಕೆ ಕೆಲಸವೇ ಇಲ್ಲ. ಜೊತೆಗೆ ಕ್ಯಾಮೆರಾ ಒಂದು ಅಡಿಗಿಂತ ಜಾಸ್ತಿ ಕೆಳಗೆ ಬರುತ್ತೆ. ಅವರಿಗೆ ಬೇಕಾಗಿದ್ದ ಕಣ್ಣಿನ ಮಟ್ಟ ಅದೇ ತಾನೆ!

ಆಸರೆಗೆ ಟ್ರೈಪಾಡ್ ಜೀಪಿನಲ್ಲಿ ಆಗಲ್ಲ. ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಎರಡೂ ಬದಿ ಹೊಲಿದು, ಜಿಪ್ ಇಟ್ಟು ಒಂದು ಚೀಲ ಮಾಡಿದೆವು. ಊರಿಂದ ಖಾಲಿ ಒಯ್ದು, ಅಲ್ಲಿ ಅಂಗಡಿಯಲ್ಲಿ ಅಕ್ಕಿ ಕೊಂಡು ತುಂಬಿಸಿದೆವು. ಜೀಪಿನ ಕಂಬಿಯ ಮೇಲೆ ಇದನ್ನು ಹಾಕಿ, ಲೆನ್ಸ್ ಅದರಲ್ಲಿ ಕೂರಿಸಿದರೆ ಕೈ ಸುಮ್ನೆ ತಾಗಿದ್ದರೆ ಸಾಕು. ಆದರೆ ಇಂಜಿನ್ ಆಫ್ ಆಗಿರಬೇಕು. ಇಂಜಿನ್ ಓಡುತ್ತಿದ್ದರೆ ಕಂಬಿಯ ನಡುಕ ನೇರ ಫೋಟೋಗೆ ಇಳಿಯುತ್ತೆ. ಆಗ ಚೀಲ ಬಿಟ್ಟು ದಿಂಬೇ ಮೇಲು, ನಡುಕವನ್ನು ಮೈ ಕುಡಿಯುತ್ತೆ.

ಅಭ್ಯಾಸಕ್ಕೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಒದಗಿತು. ಅಲ್ಲಿ ಬೆಂಚಿನ ಮೇಲೆ ಕೂತು ಹೆಜ್ಜಾರ್ಲೆ, ನೀರುಕಾಗೆಗಳನ್ನು ತೆಗೆಯುತ್ತಾ ಮಾವ ತಮಗೆ ತಾವೇ ಒಂದು ನಿಯಮ ಮಾಡಿಕೊಂಡರು. ನೋಡುವುದು ಕಣ್ಣಿನಲ್ಲಿ, ಕ್ಯಾಮೆರಾ ತೊಡೆಯಲ್ಲಿ. ತೆಗೆಯಬೇಕು ಅನ್ನಿಸಿದಾಗ ಮಾತ್ರ ಎತ್ತುವುದು, ಹತ್ತು ಎಣಿಸುವಷ್ಟರಲ್ಲಿ ಇಳಿಸುವುದು. ಈ ನಿಯಮ ಭುಜವನ್ನು ಉಳಿಸಿತು. ನನ್ನ ಪ್ರಕಾರ ಫೋಟೋಗಳನ್ನೂ ಉತ್ತಮ ಮಾಡಿತು. ಪ್ರಾಣಿ ಏನು ಮಾಡುತ್ತೆ ಎಂದು ಕಾದು ನೋಡುವವರಿಗೆ ಯಾವಾಗ ಒತ್ತಬೇಕು ಅನ್ನೋದು ಗೊತ್ತಾಗುತ್ತೆ.

ಹೋದದ್ದು ಏಪ್ರಿಲ್ ಕೊನೆಯಲ್ಲಿ. ಒಂದೇ ದಿನ ಜೀಪೂ ದೋಣಿಯೂ ಬೇಡ ಎಂದು ಮೊದಲೇ ತೀರ್ಮಾನಿಸಿದ್ದೆವು. ನಡುವೆ ಇಡೀ ಬೆಳಗು ವಿಶ್ರಾಂತಿ. ಇದು ದುಬಾರಿ, ವಸತಿ ಖರ್ಚು ಏರುತ್ತೆ. ಆದರೆ ಸುಸ್ತಾದ ಸ್ನಾಯುವಿಗೆ ಬಲವಂತ ಮಾಡಿದರೆ ಪೋಸ್ಟ್ ಪೋಲಿಯೊ ಇರುವವರು ಅದನ್ನು ವಾರಗಟ್ಟಲೆ ಅನುಭವಿಸಬೇಕಾಗುತ್ತೆ.

ಜೀಪು ಹತ್ತುವ ಜಾಗಕ್ಕೆ ಎಲ್ಲರಿಗಿಂತ ಸ್ವಲ್ಪ ಮುಂಚೆ ಹೋದೆವು. ಡ್ರೈವರ್ ಒಳ್ಳೆಯ ಮನುಷ್ಯ. ಮಾವನನ್ನು ನೋಡಿದ ಕೂಡಲೇ ಇನ್ನೊಬ್ಬ ಹುಡುಗನನ್ನು ಕರೆದು, "ಎತ್ತಿ ಕೂರಿಸ್ತೀವಿ ಬನ್ನಿ ಸಾರ್" ಎಂದು ಕಂಕುಳಿಗೆ ಕೈ ಹಾಕಲು ಬಂದರು. ಮಾವ ಹಿಂದೆ ಸರಿದರು. "ಎತ್ತಬೇಡಿ ಸ್ವಾಮಿ. ನಿಮ್ಮ ಭುಜ ಕೊಡಿ ಸಾಕು, ನಾನೇ ಹತ್ತುತೀನಿ." ಇದು ಅಭಿಮಾನದ ಮಾತು ಮಾತ್ರ ಅಲ್ಲ. ಸವೆದ ಭುಜ ಇರುವವರನ್ನು ಕಂಕುಳಿಂದ ಎತ್ತಿದರೆ ಕೀಲಿಗೆ ಪೆಟ್ಟಾಗುತ್ತೆ. ಸಹಾಯ ಮಾಡುವವರು ಮೊದಲು ಕೇಳಬೇಕು, ಹೇಗೆ ಹಿಡಿಯಲಿ ಎಂದು. ಆ ಡ್ರೈವರ್ ಕೇಳಿಸಿಕೊಂಡರು. ಮಣೆ ಇಟ್ಟರು, ಭುಜ ಕೊಟ್ಟರು. ಮಾವ ಹತ್ತಿದರು. ಮಣೆಯ ಹಗ್ಗ ಹಿಡಿದು ಆ ಹುಡುಗ ಅದನ್ನು ಪಕ್ಕಕ್ಕೆ ಎಳೆದಿಟ್ಟ. ಒಂದು ನಿಮಿಷದ ಕೆಲಸ.

ಸೀಟು ಎರಡನೇ ಸಾಲಿನ ಎಡತುದಿ. ಈ ಜೀಪುಗಳಲ್ಲಿ ಹಿಂದಿನ ಸಾಲು ಎತ್ತರದಲ್ಲಿರುತ್ತೆ. ಫೋಟೋಗ್ರಾಫರುಗಳು ಅದಕ್ಕೇ ಮುಗಿಬೀಳುತ್ತಾರೆ, ಎಲ್ಲ ಕಡೆ ಕಾಣುತ್ತೆ ಎಂದು. ಆದರೆ ಅದು ಹಿಂಚಕ್ರದ ಮೇಲಿನ ಸಾಲು. ಕುಲುಕಾಟ ಅಲ್ಲೇ ಜಾಸ್ತಿ. ಹತ್ತೋದೂ ಕಷ್ಟ. ಮೇಲಿಂದ ತೆಗೆದ ಫೋಟೋದಲ್ಲಿ ಪ್ರಾಣಿಯ ಬೆನ್ನು ಕಾಣುತ್ತೆ, ಹಿಂದೆ ಬರೀ ನೆಲ. ಕೆಳಗಿನ ಸಾಲಿನಿಂದ ತೆಗೆದರೆ ಪ್ರಾಣಿಯ ಮುಖ ನೇರ ಬರುತ್ತೆ, ಹಿಂದಿನ ಕಾಡು ದೂರದಲ್ಲಿ ಮಸುಕಾಗುತ್ತೆ. ಮಾವನಿಗೆ ಹತ್ತೋಕೆ ಸುಲಭವಾದ ಸೀಟೇ ಅವರಿಗೆ ಬೇಕಾದ ಫೋಟೋಗೂ ಸರಿಯಾದ ಸೀಟು.

ಕಷ್ಟ ಬೇರೆ ಕಡೆ ಇತ್ತು. ಮಾವನಿಗೆ ಸೊಂಟ ತಿರುಗಿಸಿ ಬಲಕ್ಕೆ ವಾಲೋಕೆ ಆಗಲ್ಲ. ಎಡಗಡೆಯ ಕಾಡು ಮಾತ್ರ ಅವರದು. ಹೊರಟ ಸ್ವಲ್ಪ ಹೊತ್ತಿಗೆ ಲಂಗೂರ್‌ಗಳ ಕೂಗು ಕೇಳಿ ಜೀಪು ನಿಂತಿತು. ಬಲಗಡೆ ಮತ್ತಿ ಮರದ ಮೇಲೆ ಚಿರತೆ. ಎಲ್ಲರೂ ಬಲಕ್ಕೆ ಎದ್ದರು. ಮಾವನಿಗೆ ಕಂಡದ್ದು ಜನರ ಬೆನ್ನು. ಡ್ರೈವರ್ ಗಾಡಿ ತಿರುಗಿಸಲು ನೋಡಿದರು, ದಾರಿ ಕಿರಿದು, ಹಿಂದೆ ಇನ್ನೊಂದು ಜೀಪು. ಚಿರತೆ ಇಳಿದು ಹೋಯಿತು. ಇದು ನಷ್ಟವೇ. ಇಡೀ ಜೀಪು ನಮಗೇ ಆಗಿದ್ದರೆ ಗಾಡಿಯನ್ನು ಓರೆಯಾಗಿ ನಿಲ್ಲಿಸಬಹುದಿತ್ತು, ಆದರೆ ಆ ದರ ನಮ್ಮ ಕೈಗೆಟುಕುವುದಲ್ಲ. ಹಂಚಿಕೊಂಡ ಜೀಪಿನಲ್ಲಿ ಇದಕ್ಕೆ ಪೂರ್ತಿ ಪರಿಹಾರ ನನಗೆ ಕಂಡಿಲ್ಲ. ಹೊರಡುವ ಮುಂಚೆ ಜೊತೆಯವರಿಗೆ ಹೇಳಿಕೊಂಡರೆ ಸ್ವಲ್ಪ ಅನುಕೂಲ. ಚಿರತೆ ಹೋದಮೇಲೆ ಬಲತುದಿಯಲ್ಲಿದ್ದ ದಂಪತಿ ತಾವಾಗಿಯೇ, "ಇನ್ನು ನಾವು ಬಗ್ಗಿ ಕೂರ್ತೀವಿ ಅಂಕಲ್, ನೀವು ಮೇಲಿಂದ ತೆಗೀರಿ" ಎಂದರು. ಮುಂದೆ ಬಲಗಡೆ ಸಿಕ್ಕ ಸೀಳುನಾಯಿಗಳ ಒಂದು ಫೋಟೋ ಹಾಗೇ ಬಂತು.

ಕುಲುಕಾಟದಲ್ಲಿ ಕ್ಯಾಲಿಪರ್‌ನ ಮೇಲಂಚು ತೊಡೆಗೆ ಉಜ್ಜುತ್ತೆ. ಏಪ್ರಿಲ್ ಸೆಕೆಗೆ ಚರ್ಮದ ಪಟ್ಟಿಯ ಕೆಳಗೆ ಬೆವರು ಬೇರೆ. ಅಂಚಿಗೆ ಫೋಮ್ ಸುತ್ತಿ, ಒಳಗೆ ತೆಳು ಕಾಟನ್ ಪಂಚೆಯ ತುಂಡು ಕಟ್ಟಿದ್ದರು. ಊರುಗೋಲಿನ ಲೋಹಕ್ಕೆ ಬಟ್ಟೆ ಟೇಪು ಸುತ್ತಿದ್ದರು, ಜೀಪಿನ ನೆಲದಲ್ಲಿ ಟಣ್ ಎಂದು ಸದ್ದು ಮಾಡದ ಹಾಗೆ. ಊರುಗೋಲನ್ನು ಗೇಟಿನಲ್ಲೇ ಬಿಡಿ ಎಂದವರಿದ್ದರು. ಮಾವ ಒಪ್ಪಲಿಲ್ಲ. ಗಾಡಿ ಕೆಟ್ಟು ಬೇರೆ ಗಾಡಿಗೆ ಬದಲಾಯಿಸಬೇಕಾಗಿ ಬಂದರೆ ಆಗ ಕಾಲು ಎಲ್ಲಿಂದ ತರೋದು?

ಇನ್ನೊಂದು ವಿಷಯ ಬರೆಯೋಕೆ ಜನ ಹಿಂಜರಿಯುತ್ತಾರೆ. ಶೌಚಾಲಯ. ಸಫಾರಿ ಮೂರು ಮೂರೂವರೆ ಗಂಟೆ. ಹತ್ತುವ ಜಾಗದ ಶೌಚಾಲಯಕ್ಕೆ ಎತ್ತರದ ಹೊಸಿಲು, ಒಳಗೆ ನೆಲ ಒದ್ದೆ, ಹಿಡಿಯಲು ಏನೂ ಇಲ್ಲ. ಒದ್ದೆ ನೆಲ ಊರುಗೋಲಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ. ಇಂಥ ಕಡೆ ಹೋಗುವಾಗ ಮಾವನಂಥವರು ಮಾಡೋದು ಒಂದೇ, ಬೆಳಿಗ್ಗೆಯಿಂದ ನೀರು ಕುಡಿಯೋದು ಬಿಡುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಇದು ತಲೆಸುತ್ತಿಗೆ ದಾರಿ. ನಾವು ರೂಮಿನ ಕಮೋಡ್ ಬಳಸಿಯೇ ಹೊರಟೆವು. ಜೀಪಿನಲ್ಲಿ ಗುಟುಕು ಗುಟುಕಾಗಿ ನೀರು ಕುಡಿಸಿದೆ. ಗೋಡೆಗೆ ಒಂದು ಕಂಬಿ ಹಾಕಿಸಿ, ನೆಲ ಒಣಗಿಸಿಟ್ಟರೆ ಎಷ್ಟೋ ಜನ ಕಾಡಿಗೆ ಬರುತ್ತಾರೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಮನರಂಜನೆ, ಸಾಂಸ್ಕೃತಿಕ ಬದುಕಿನಲ್ಲೂ ಸಮಾನ ಪಾಲು ಇರಬೇಕು ಎಂದು ಅದರ 29ನೇ ಸೆಕ್ಷನ್ ಹೇಳುತ್ತೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಕೂಡ ಇಂಥ ಸೌಲಭ್ಯದ ನಿಯಮಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಹೇಳಿತು. ಕಾಡಿಗೆ ಅನ್ವಯಿಸುವಾಗ ಇದನ್ನು ಕಾಡೊಳಗೆ ಕಾಂಕ್ರೀಟು ಹಾಕುವುದು ಎಂದು ಯಾರೂ ತಿಳಿಯಬಾರದು. ಬೇಕಾಗಿರೋದು ಗೇಟಿನ ಈಚೆಯ ಮಣೆ, ಕಂಬಿ, ಒಣ ನೆಲ.

ದೋಣಿಗೆ ಬರೋಣ. ಮಾವನ ಆಸೆಗೆ ಸರಿಯಾದದ್ದು ದೋಣಿಯೇ. ದೋಣಿ ನೀರಿನ ಮಟ್ಟದಲ್ಲಿರುತ್ತೆ. ದಡದಲ್ಲಿ ನಿಂತ ಆನೆ ನಮಗಿಂತ ಎತ್ತರ. ಕುಲುಕಾಟ ಇಲ್ಲ. ಎಲ್ಲ ಸರಿ. ಆದರೆ ಇಲ್ಲೊಂದು ತೊಡಕು ಇದೆ, ಇದನ್ನು ಯಾರೂ ಮುಂಚೆ ಹೇಳಿರಲಿಲ್ಲ. ಆನೆಗಳು ದಡಕ್ಕೆ ಬರೋದು ನೀರು ಇಳಿದಾಗ. ನೀರು ಇಳಿದಾಗ ದೋಣಿಯೂ ಕೆಳಗಿಳಿಯುತ್ತೆ. ಅಂದರೆ ಆನೆ ನೋಡೋಕೆ ಅತ್ಯುತ್ತಮ ತಿಂಗಳಲ್ಲೇ ದೋಣಿಗೆ ಹೋಗುವ ದಾರಿ ಅತಿ ಉದ್ದ. ಮಳೆಗಾಲ ಮುಗಿದು ನೀರು ತುಂಬಿದಾಗ ದೋಣಿ ಹತ್ತಿರ ಬರುತ್ತೆ, ಆನೆಗಳು ಕಾಡೊಳಗೆ ಚದುರಿರುತ್ತವೆ.

ನಮಗೆ ಸಿಕ್ಕಿದ್ದು ಬಿರುಕು ಬಿಟ್ಟ ಒಣಮಣ್ಣಿನ ಇಳಿಜಾರು. ಒಂದು ಫರ್ಲಾಂಗಿಗೆ ತುಸು ಕಡಿಮೆ. ವೀಲ್‌ಚೇರಿನ ಮುಂದಿನ ಸಣ್ಣ ಚಕ್ರ ಬಿರುಕಿಗೆ ಸಿಕ್ಕಿಕೊಳ್ಳುತ್ತೆ, ಅದು ಬೇಡ ಎಂದಾಯಿತು. ದೋಣಿಯ ಹುಡುಗರು ಒಂದು ಉಪಾಯ ಮಾಡಿದರು. ಎರಡು ಪ್ಲಾಸ್ಟಿಕ್ ಕುರ್ಚಿ ತಂದರು. ಮಾವ ಸ್ವಲ್ಪ ನಡೆಯೋದು, ಕೂರೋದು. ಅಷ್ಟರಲ್ಲಿ ಇನ್ನೊಂದು ಕುರ್ಚಿ ಮುಂದೆ ಇಡೋದು. ಊರುಗೋಲಿನ ತುದಿಗೆ ಹೊಸ ರಬ್ಬರ್ ಹಾಕಿಸಿದ್ದೆವು, ಹಳೆಯದು ಆ ಪುಡಿಮಣ್ಣಿನಲ್ಲಿ ಜಾರುತ್ತಿತ್ತು. ದೋಣಿ ಹತ್ತುವಾಗ ಇಬ್ಬರು ದೋಣಿಯನ್ನು ಜೆಟ್ಟಿಗೆ ಒತ್ತಿ ಹಿಡಿದರು. ಒಬ್ಬರು ಒಳಗಿಂದ ಭುಜ ಕೊಟ್ಟರು. ನನಗೆ ಹೆದರಿಕೆ ಇದ್ದದ್ದು ಆ ಒಂದು ಹೆಜ್ಜೆಯ ಬಗ್ಗೆ. ಅಲ್ಲಾಡುವ ನೆಲಕ್ಕೆ ಲಾಕು ಹಾಕಿದ ಕಾಲು ಇಡೋದು ಸಣ್ಣ ವಿಷಯ ಅಲ್ಲ. ಕೂತಮೇಲೆ ಲೈಫ್ ಜಾಕೆಟ್ ಬಿಗಿ ಮಾಡಿಸಿದರು. ಕ್ಯಾಮೆರಾ ಪಟ್ಟಿಯನ್ನು ಜಾಕೆಟ್ಟಿನ ಹೊರಗೆ ಹಾಕಿಕೊಂಡರು, ಒಳಗೆ ಸಿಕ್ಕಿಕೊಂಡರೆ ಜಾಕೆಟ್ ಬಿಚ್ಚೋಕೂ ಆಗಲ್ಲ, ಕ್ಯಾಮೆರಾ ಎತ್ತೋಕೂ ಆಗಲ್ಲ.

ನೀರಿನ ನಡುವೆ ಮುಳುಗಿದ ಹಳೇ ಕಾಡಿನ ಮೋಟುಮರಗಳು. ಒಂದೊಂದರ ಮೇಲೂ ನೀರುಕಾಗೆ, ಹಾವಕ್ಕಿ ರೆಕ್ಕೆ ಬಿಚ್ಚಿ ಕೂತಿದ್ದವು. ಆಮೇಲೆ ಬಂಡೀಪುರದ ಕಡೆಯ ದಡದಲ್ಲಿ ಆನೆಗಳು ಕಂಡವು. ಒಂದು ಗುಂಪು ಹುಲ್ಲು ಮೇಯುತ್ತಿತ್ತು. ಇನ್ನೊಂದು ಕಾಡಿಂದ ಇಳಿದು ಬರುತ್ತಿತ್ತು, ಮುಂದೆ ದೊಡ್ಡ ಹೆಣ್ಣಾನೆ, ಅದರ ಹೊಟ್ಟೆ ಕೆಳಗೆ ಮರಿ. ಹುಲ್ಲನ್ನು ಸೊಂಡಿಲಲ್ಲಿ ಕಿತ್ತು, ಮುಂಗಾಲಿಗೆ ಬಡಿದು ಮಣ್ಣು ಉದುರಿಸಿ ಬಾಯಿಗಿಡುತ್ತಿದ್ದವು. ದೋಣಿಯವರು ದೂರದಲ್ಲೇ ಇಂಜಿನ್ ನಿಲ್ಲಿಸಿದರು. ಮಾವ ದಿಂಬಿನ ಮೇಲೆ ಕ್ಯಾಮೆರಾ ಇಟ್ಟು ಪರದೆ ತೆರೆದರು. ಕಣ್ಣು ಹುಡುಕುವ ಫೋಕಸ್ ಜಿಂಕೆಗೆ ಚೆನ್ನಾಗಿ ಕೆಲಸ ಮಾಡಿತ್ತು. ಆನೆಯ ಸಣ್ಣ ಕಣ್ಣು ಸುಕ್ಕುಗಳ ನಡುವೆ ಅದಕ್ಕೆ ಸಿಗಲಿಲ್ಲ. ಅದನ್ನು ಬಿಟ್ಟು ಒಂದೇ ಚುಕ್ಕೆಯ ಫೋಕಸ್ಸಿಗೆ ಬದಲಾಯಿಸಿದರು. ಶಟರ್ 1/1000 ಸೆಕೆಂಡು. ದೋಣಿ ತೇಲುತ್ತಿರುವಾಗ ಅದಕ್ಕಿಂತ ಕಡಿಮೆ ಬೇಡ ಎಂದು ಅವರ ಲೆಕ್ಕ. ಸಂಜೆ ಬಿಸಿಲಿದ್ದರಿಂದ ಐಎಸ್‌ಒ 800ರ ಆಸುಪಾಸಿನಲ್ಲೇ ನಿಂತಿತು. ಎಫ್/8 ಅನ್ನೋದು ಅಲ್ಲಿ ತೊಂದರೆಯೇ ಆಗಲಿಲ್ಲ.

ಹೆಣ್ಣಾನೆ ನೀರು ಕುಡಿಯೋಕೆ ತಲೆ ತಗ್ಗಿಸಿದಾಗ ಅದರ ಕಣ್ಣು ಕ್ಯಾಮೆರಾದ ನೇರಕ್ಕೆ ಬಂತು. ಆ ಫೋಟೋ ಬಂದಿದೆ. ಸೊಂಡಿಲಿಂದ ನೀರು ಸೋರುತ್ತಿದೆ, ರೆಪ್ಪೆಯ ಕೂದಲು ಒಂದೊಂದಾಗಿ ಕಾಣುತ್ತೆ. ಹಿಂದೆ ಮರಿಯ ಕಿವಿ ಮಸುಕಾಗಿದೆ. ದೋಣಿಯಲ್ಲಿ ದೊಡ್ಡ ಲೆನ್ಸ್ ಹಿಡಿದು ನಿಂತಿದ್ದ ಯುವಕರೊಬ್ಬರು ಮಾವನ ಪರದೆ ನೋಡಿ, ತಾವೂ ಕೆಳಗೆ ಕೂತರು.

ವಾಪಸು ಬರುವಾಗ ಇಳಿಜಾರು ಏರುದಾರಿಯಾಗಿತ್ತು, ಕತ್ತಲಾಗುತ್ತಿತ್ತು. ಹೋಗುವಾಗ ನಡೆದೇ ಇಳಿದಿದ್ದ ಮಾವ ಈಗ, "ಕುರ್ಚಿಯಲ್ಲೇ ಹೊತ್ತುಕೊಂಡು ಹೋಗ್ರಪ್ಪಾ, ಭುಜ ಮುಗೀತು" ಎಂದರು. ನಾಲ್ಕು ಜನ ಹೊತ್ತರು. ಯಾವಾಗ ನಡೀಬೇಕು, ಯಾವಾಗ ಬೇಡ ಅನ್ನೋದು ಅವರ ತೀರ್ಮಾನ. ಸಹಾಯ ಹೀಗೆ ಕೇಳಿದಾಗ ಸಿಕ್ಕಬೇಕು, ಕೇಳಿದ ಬಗೆಯಲ್ಲೇ ಸಿಕ್ಕಬೇಕು.

ಮಾರನೇ ದಿನ ಎಡಭುಜ ಊದಿತ್ತು. ಐಸ್ ಇಟ್ಟು ಮಲಗಿದರು. ಅದು ಲೆನ್ಸಿನಿಂದ ಬಂದ ನೋವಲ್ಲ, ಆ ಇಳಿಜಾರಿನದು. ಹಾಗಾಗಿ ಮುಂದಿನ ಸಲಕ್ಕೆ ಮಾವ ಎಲ್ಲಿ ಸುಧಾರಿಸಬೇಕು ಎಂದು ಬರೆದಿಟ್ಟಿದ್ದಾರೆ. ಇಳಿಯುವಾಗಲೂ ಅರ್ಧ ದಾರಿ ಕುರ್ಚಿಯಲ್ಲೇ. ಜೀಪಿನಲ್ಲಿ ಸಾಧ್ಯವಾದರೆ ಜನ ಕಡಿಮೆ ಇರುವ ವಾರದ ನಡುವಿನ ದಿನ. ಸಫಾರಿ ನಡೆಸುವವರಿಗೆ ಅವರು ಒಂದು ಪತ್ರವನ್ನೂ ಬರೆದಿದ್ದಾರೆ. ಅದರಲ್ಲಿ ದೂರಿಲ್ಲ. ಹತ್ತುವ ಪ್ರತಿ ಜಾಗದಲ್ಲೂ ಒಂದು ಮಣೆ, ಶೌಚಾಲಯದ ಗೋಡೆಗೆ ಒಂದು ಕಂಬಿ, ದೋಣಿಯ ದಾರಿಗೆ ಬೇಸಿಗೆಯಲ್ಲಿ ಮಾತ್ರ ಹಾಸಿ ತೆಗೆಯಬಹುದಾದ ತೆಂಗಿನ ನಾರಿನ ಚಾಪೆ, ಇಷ್ಟು ಕೇಳಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ನಮ್ಮ ಮಣೆಯನ್ನು ಡ್ರೈವರ್ ಕೇಳಿ ಇಟ್ಟುಕೊಂಡರು. ವಯಸ್ಸಾದ ಹೆಂಗಸರು ಸೀರೆಯಲ್ಲಿ ಹತ್ತೋಕೆ ಒದ್ದಾಡುತ್ತಾರೆ, ಅವರಿಗೂ ಬೇಕು ಎಂದರು. ಬಡಗಿಗೆ ಇನ್ನೊಂದು ಹೇಳಿದ್ದೇವೆ. ಬೇಕಾದವರು ಅಳತೆ ಬರೆದುಕೊಳ್ಳಿ. ಎತ್ತರ 9 ಇಂಚು. ಅಗಲ 24, ಆಳ 16, ಎರಡೂ ಪಾದ ಮತ್ತು ಊರುಗೋಲು ಒಟ್ಟಿಗೆ ನಿಲ್ಲುವಷ್ಟು. ಕಾಲುಗಳು ಸ್ವಲ್ಪ ಹೊರಕ್ಕೆ ಚಾಚಿರಲಿ, ಒಂದು ಅಂಚಿಗೆ ಭಾರ ಬಿದ್ದರೆ ಮಗುಚಬಾರದು. ಮೇಲೆ ಒರಟು ರಬ್ಬರ್ ಹಾಸು, ಮೊಳೆ ತಲೆ ಕಾಣದ ಹಾಗೆ. ಪಕ್ಕಕ್ಕೆ ಒಂದು ತೂತು, ಅದಕ್ಕೆ ಹಗ್ಗ. ಮಾಡಿಸುವ ಮುಂಚೆ ನೀವು ಹತ್ತುವ ಗಾಡಿಯ ಅಳತೆಯನ್ನು ಫೋನಿನಲ್ಲಿ ಕೇಳಿಕೊಳ್ಳಿ, ಎಲ್ಲ ಜೀಪುಗಳ ಪಟ್ಟಿ 18 ಇಂಚಿಗೇ ಇರಲ್ಲ.